ಬೋರ್ಡ್ ಇಲ್ಲದ ಮನೆ

ಅಟ್ಟದಿಂದ ನೀಲಿ ಬಣ್ಣದ ಡಬ್ಬ ಇಳಿಸಲು ಹೋಗಿ, ಬೋರ್ಡ್ ಬರೆಯುವ ಪೇಂಟರ್ ಬಲ ಭುಜ ಹಿಡಿಸಿಕೊಂಡ. ಕೈ ಎದೆಮಟ್ಟಕ್ಕಿಂತ ಮೇಲೇಳಲು ಒಪ್ಪಲಿಲ್ಲ. ಬಡಗಿ ಮಾಡಿಕೊಟ್ಟ ಹೊಸ ಬೋರ್ಡು ಎರಡು ವಾರದಿಂದ ಗೋಡೆಗೊರಗಿ ಕೂತಿತ್ತು. ಬರೆಸುವವರು ಬಡಗಿಯ ಕೈಲಿ ಚೀಟಿ ಕೊಟ್ಟು, ಆಮೇಲೆ ಮೂರು ಸಲ ಹೇಳಿಕಳಿಸಿದ್ದರು. ನಾಳೆಯೊಳಗೆ ಆಗದಿದ್ದರೆ ಕೆಲಸ ಪ್ಲಾಸ್ಟಿಕ್ ಬೋರ್ಡ್ ಪ್ರಿಂಟ್ ಮಾಡುವವನ ಪಾಲು. ಊರಿನ ಅರ್ಧ ಗೋಡೆಗಳನ್ನು ಅವನು ಆಗಲೇ ನುಂಗಿದ್ದ.

ಆ ಚೀಟಿ ಪೇಂಟರನ ಅಂಗಿಯ ಜೇಬಿನಲ್ಲೇ ಇತ್ತು, ಮಡಿಕೆ ಬಿಚ್ಚದೆ. ಕುಂಚ ಅದ್ದಿದ ಮೇಲೆಯೇ ಓದುವುದು ಅವನ ಪದ್ಧತಿ. ಮೊದಲೇ ಓದಿದರೆ ಅಕ್ಷರ ಹಳಸುತ್ತದಂತೆ.

ಇದಕ್ಕೆ ಫಿಸಿಯೋಥೆರಪಿಸ್ಟೇ ಆಗಬೇಕೆಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತೀರ್ಪು ಕೊಟ್ಟರು. ಅವರು ಏನು ಮಾಡುತ್ತಾರೆಂದು ಕೇಳಿದರೆ, ಕರೆಂಟ್ ಕೊಡುತ್ತಾರೆ ಎಂದರು. ಇಸ್ತ್ರಿ ಅಂಗಡಿಯವನ ಪ್ರಕಾರ ಹಗ್ಗ ಕಟ್ಟಿ ನೇತುಹಾಕುತ್ತಾರೆ. ಪೇಂಟರ್ ಮೆಲ್ಲಗೆ ಮನೆಯ ಕಡೆ ತಿರುಗಿದ. ಆದರೂ ಪ್ಲಾಸ್ಟಿಕ್‌ನವನ ನಗುಮುಖ ನೆನಪಾಗಿ ಹೊರಟ.

ಔಷಧಿ ಅಂಗಡಿಯವನು ಕೈ ಚೆಲ್ಲಿದ. "ಹೊಸಬ್ರೊಬ್ರು ಇಲ್ಲೇ ಸುತ್ತಮುತ್ತ ಬಂದಿದಾರಂತೆ. ದಿನಾ ನಾಲ್ಕು ಜನ ಕೇಳ್ತಾರೆ. ಬೋರ್ಡೇ ಇಲ್ಲ, ಯಾವ ಮನೆ ಅಂತ ತೋರಿಸ್ಲಿ?"

"ಯಾವ ಸೋಮಾರಿಗೆ ಬರೆಯೋಕೆ ಕೊಟ್ಟಿದಾರೋ," ಎಂದು ಪೇಂಟರ್ ತನ್ನ ವೃತ್ತಿಯ ಮಾನಕ್ಕಾಗಿ ಅಲ್ಲೇ ನಿಂತು ಬೈದ.

ಆಮೇಲೆ ಮನೆ ಮನೆ ಬಾಗಿಲು ತಟ್ಟಿದ. ಮೊದಲನೆಯದು ನೃತ್ಯ ಕಲಿಸುವವರದು. ಹೊಸ ಶಿಷ್ಯನೆಂದುಕೊಂಡು ಆಕೆ ಕೈ ಎತ್ತಿಸಲು ನೋಡಿದರು. ಎರಡನೆಯ ಮನೆಯಲ್ಲಿ ನಾಯಿಯಿತ್ತು. ಓಡುವಾಗ ಭುಜದ ಜತೆಗೆ ಮೊಣಕಾಲೂ ಸೇರಿಕೊಂಡಿತು.

ಮಧ್ಯಾಹ್ನ ಮನೆಗೆ ಬಂದು, ಬೈದದ್ದನ್ನೂ ಬಿಡದೆ ಎಲ್ಲವನ್ನೂ ಹೆಂಡತಿಗೆ ವರದಿ ಮಾಡಿದ. ಕೈ ಏಳದ ಗಂಡನ ಅಂಗಿಯನ್ನು ಅವಳು ಮೆಲ್ಲಗೆ ಬಿಚ್ಚುವಾಗ ಚೀಟಿ ಕೆಳಗೆ ಬಿತ್ತು. ಓದಿದಳು. ಇನ್ನೊಮ್ಮೆ ಓದಿದಳು.

"ಫಿಸಿಯೋಥೆರಪಿ. ಔಷಧಿ ಅಂಗಡಿ ಹಿಂದಿನ ಬೀದಿ, ಕೊನೇ ಮನೆ," ಎಂದಳು. "ರೀ, ಆ ಸೋಮಾರಿ ಸಿಕ್ಕಿದ."

ಕೊನೆಯ ಮನೆಯ ಬಾಗಿಲು ತೆರೆದ ಹೆಂಗಸು ಅವನ ಅಂಗಿಯ ಮೇಲಿನ ಬಣ್ಣದ ಕಲೆ ನೋಡಿ, ಬೋರ್ಡ್ ತಂದಿರಾ ಎಂದು ಕೇಳಿದರು. ಪೇಂಟರ್ ತಲೆ ತಗ್ಗಿಸಿ ಭುಜ ತೋರಿಸಿದ.

ಆಕೆ ಕೂರಿಸಿ, ಹೇಗಾಯಿತೆಂದು ಕೇಳಿ, ಕೈಯನ್ನು ಹಸುಗೂಸಿನಂತೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. ಕರೆಂಟೂ ಇಲ್ಲ, ಹಗ್ಗವೂ ಇಲ್ಲ. ನೆಮ್ಮದಿಗೆ ಪೇಂಟರ್‌ಗೆ ಅಳುವೇ ಬಂತು.

"ಬಿಗಿದುಕೊಂಡ ಕೀಲಿಗೆ ಮತ್ತೆ ಓಡಾಡೋದು ಕಲಿಸೋದೇ ನನ್ನ ಕೆಲಸ," ಎಂದರು ಆಕೆ. "ಬೆರಳುಗಳನ್ನ ಗೋಡೆ ಮೇಲೆ ನಡೆಸ್ತಾ ಕೈ ಮೇಲೇರಿಸ್ಬೇಕು, ದಿನಾ ಒಂದೊಂದು ಇಂಚು. ಒಂದು ತಿಂಗಳು ಕುಂಚ ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ಬೋರ್ಡು ಪ್ಲಾಸ್ಟಿಕ್‌ನವನಿಗೆ ಹೋಯ್ತಾ ಮೇಡಂ?"

"ಇಲ್ಲ. ನಿಮ್ಮ ಅಕ್ಷರ ನೋಡಿಯೇ ಕೊಟ್ಟಿದ್ದು. ಕಾಯ್ತೀನಿ."

ಪೇಂಟರ್‌ಗೆ ಹೋದ ಜೀವ ಬಂತು. ಕೃತಜ್ಞತೆಯಿಂದ ಎದ್ದು, ದಿನಕ್ಕೆ ಎಷ್ಟು ಹೊತ್ತು ಬರಬೇಕಾಗುತ್ತದೆ ಎಂದು ಕೇಳಿದ.

"ಬೋರ್ಡ್ ಬರೋವರೆಗೂ ಬೇರೆ ಯಾರೂ ಬರಲ್ಲವಲ್ಲ," ಎನ್ನುತ್ತ ಆಕೆ ಉತ್ಸಾಹದಿಂದ ಸೆರಗು ಸಿಕ್ಕಿಸಿಕೊಂಡರು. "ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ. ಸಂಜೆ ಆರಕ್ಕೆ ಬಿಡ್ತೀನಿ."