ಅತ್ತೆಯ ಕೌದಿ ಹೊದ್ದು ತೊಟ್ಟಿಲು ತೂಗಿದ್ದು

ಒಂದು ಕೂಸನ್ನು ಸಂಭಾಳಿಸುವುದು ಏನು ಮಹಾ ವಿಷಯ ಎಂದು ನಾನು ಮಸ್ಕಿಯಲ್ಲಿ, ಅತ್ತೆಯ ಮನೆಯ ಪಡಸಾಲೆಯಲ್ಲಿ, ಬೀಗರೆಲ್ಲರ ಎದುರು, ಎಲೆಯಡಿಕೆ ಜಗಿಯುತ್ತ ಘೋಷಿಸಿದೆ. ಆಗ ಕೂಸು ಮಲಗಿತ್ತು. ಮಲಗಿದ ಕೂಸನ್ನು ನೋಡುತ್ತ ಯಾರು ಬೇಕಾದರೂ ಘೋಷಿಸಬಹುದು!

ಹೆರಿಗೆಗೆಂದು ತವರಿಗೆ ಬಂದಿದ್ದ ಹೆಂಡತಿ ಶರಣಮ್ಮನನ್ನೂ ಮಗನನ್ನೂ ತೊಟ್ಟಿಲ ಸಮೇತ ಸಿಂಧನೂರಿಗೆ ಕರೆದೊಯ್ಯಲು ನಾನು ಹೋಗಿದ್ದೆ. ನನ್ನ ತಾಯಿ ತೀರಿಕೊಂಡು ವರ್ಷಗಳೇ ಆಗಿದ್ದವು. ಮನೆಯಲ್ಲಿ ಹಿರಿಯ ಹೆಂಗಸೆಂದು ಯಾರೂ ಇರಲಿಲ್ಲ. ಅದಕ್ಕೇ ಅತ್ತೆ ಈರಮ್ಮ ತನ್ನ ಗಂಟನ್ನೂ ಕಟ್ಟಿಟ್ಟಿದ್ದಳು.

“ಕೂಸು ನಡಿಯೋತನಕ ನಾ ಬಂದಿರ್ತೀನಿ,” ಎಂದಳು.

“ಬ್ಯಾಡ್ರಿ ಅತ್ತಿ, ನಿಮಗ್ಯಾಕ ತ್ರಾಸು? ನಾ ಇದ್ದೀನಲ್ಲ!”

ನಿಜವಾದ ಕಾರಣ ಬೇರೆಯೇ ಇತ್ತು. ಮಂದಿಯ ದನಿ ತೆಗೆದು ಅಣಕಿಸುವುದು ನನ್ನ ಹುಟ್ಟು ಚಟ. ನಾನು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಅರ್ಧ ಜನ ಬರುವುದು ಬಟ್ಟೆಗೆ, ಇನ್ನರ್ಧ ನನ್ನ ಬಾಯಿಗೆ. ಕಚೇರಿಯ ಸಾಹೇಬರ ಉರ್ದು, ಕಾಲುವೆ ಅಗಿಸುವ ಗುತ್ತೇದಾರನ ತೆಲುಗು, ನಮ್ಮ ಸಾಹುಕಾರನ ಕೆಮ್ಮು, ಎಲ್ಲವೂ ಬರುತ್ತವೆ. ಆದರೆ ನನ್ನ ಖಾಸಾ ಸರಕೆಂದರೆ ಅತ್ತೆಯ ದನಿ. ಅದು ಮಸ್ಕಿಯಲ್ಲಿ ಶುರುವಾದರೆ ಬಾಲ ಲಿಂಗಸುಗೂರಿನಲ್ಲಿ ಮುಗಿಯುತ್ತದೆ! ಅಂಥ ಅತ್ತೆ ನನ್ನ ಮನೆಯಲ್ಲೇ ಬಂದು ಕೂತರೆ ನಾನು ಅಣಕಿಸುವುದು ಯಾರನ್ನು?

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಆತಪ್ಪ, ಹೋಗ್ರಿ. ಆದ್ರ ನನ್ನ ಮಗಳು ಸೊರಗ್ಯಾಳಂತ ಒಂದು ಮಾತು ಕಿವಿಗೆ ಬಿತ್ತಂದ್ರ, ತಾಯಿ-ಮಗ ಇಬ್ಬರನ್ನೂ ತಿರುಗಿ ಮಸ್ಕಿಗೆ ಕರಕೊಂಡು ಬರ್ತೀನಿ. ಕೂಸು ಓಡಾಡೋತನಕ ಕಳಸೂದಿಲ್ಲ!”

ನಾನು ನಕ್ಕೆ. ಅದೇ ನನ್ನ ಕೊನೆಯ ನಗೆ.

ಸಿಂಧನೂರು ತಲುಪಿದೊಡನೆ ನನ್ನ ಚಿರಂಜೀವಿ ಬಾಯಿ ತೆರೆದ. ಹಾಲು ಕುಡಿಸಿದರೂ ಅಳು, ಬಟ್ಟೆ ಬದಲಿಸಿದರೂ ಅಳು, ಎತ್ತಿಕೊಂಡರೆ ಅಳು, ಇಳಿಸಿದರೆ ಇನ್ನೂ ಚೆನ್ನಾಗಿ ಅಳು. ಪಕ್ಕದ ಮನೆಯ ಹನುಮಕ್ಕ ಒಬ್ಬಳೇ ನಮಗೆ ದೇವರಿದ್ದಂತೆ. ದಿನಾ ಬೆಳಿಗ್ಗೆ ಬಂದು, ಕೂಸನ್ನು ಕಾಲಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ, ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು ಹೋಗುತ್ತಿದ್ದಳು. ಶರಣಮ್ಮ ಅಷ್ಟರಲ್ಲಿ ಎರಡು ರೊಟ್ಟಿ ತಿಂದು ಒಂದು ಕಣ್ಣು ನಿದ್ದೆ ಮಾಡುತ್ತಿದ್ದಳು. ಹನುಮಕ್ಕ ಅತ್ತ ಹೋದಳೋ ಇಲ್ಲವೋ, ಇತ್ತ ಮತ್ತೆ ಶುರು!

“ಏನರ ಮಾಡ್ರೆಪಾ! ನಾ ಇದ್ದೀನಂತ ದೊಡ್ಡದಾಗಿ ಹೇಳಿ ಬಂದೀರಲ್ಲ!” ಎಂದಳು ಶರಣಮ್ಮ.

ಮಾಡಿದೆ. ತೊಟ್ಟಿಲ ಮುಂದೆ ನಿಂತು ಸಾಹೇಬರ ಉರ್ದುವಿನಲ್ಲಿ “ಖಾಮೋಶ್!” ಎಂದೆ. ಕೂಸು ಕೆಂಪಾಯಿತು. ಗುತ್ತೇದಾರನ ತೆಲುಗಿನಲ್ಲಿ ಬೈದೆ. ನೀಲಿಯಾಯಿತು. ಸಾಹುಕಾರನ ಕೆಮ್ಮು ಕೆಮ್ಮಿದೆ. ಪಕ್ಕದ ಓಣಿಯ ಕೂಸೂ ಅಳತೊಡಗಿತು! ಕೊನೆಗೆ ರೋಸಿಹೋಗಿ, ಅತ್ತೆಯ ದನಿ ತೆಗೆದು ಒದರಿದೆ: “ಯಾಕಲೇ ಭಾಡ್ಯಾ, ಏನಾತು ನಿನಗ? ಮಲಕೋತೀ ಇಲ್ಲೋ?”

ಗಪ್ಪ್!

ಹುಟ್ಟಿದಂದಿನಿಂದ ಅದೇ ದನಿ ಕೇಳಿ ಮಲಗಿದ ಕೂಸು! ಕಣ್ಣು ಅರಳಿಸಿ ಅಜ್ಜಿಯನ್ನು ಹುಡುಕಿತು. ನನ್ನ ಮೀಸೆ ಕಂಡು ಮತ್ತೆ ತುಟಿ ಸೊಟ್ಟ ಮಾಡಿತು. ತಡಮಾಡದೆ ತೊಟ್ಟಿಲಲ್ಲಿದ್ದ ಕೌದಿಯನ್ನು ಎಳೆದು ತಲೆಯ ಮೇಲೆ ಹೊದ್ದೆ. ಅತ್ತೆಯ ಹಳೆಯ ಸೀರೆಗಳನ್ನೇ ಹೊಲಿದು ಮಾಡಿದ ಕೌದಿ ಅದು. ಅದೇ ಬಣ್ಣ, ಅದೇ ವಾಸನೆ. ಕೂಸು ಸುಖವಾಗಿ ನಿದ್ದೆಹೋಯಿತು.

ಅಂದಿನಿಂದ ಸಿಂಧನೂರಿನ ಉರಿಬಿಸಿಲಿನಲ್ಲಿ ನಾನು ಕೌದಿ ಹೊದ್ದು, ಬೆವರಿನಲ್ಲಿ ತೊಯ್ದು, ತೊಟ್ಟಿಲು ತೂಗುವ ಈರಮ್ಮನಾದೆ. ಈರಮ್ಮನಾದ ಮೇಲೆ ಸುಮ್ಮನಿರಲು ಬಾಯಿ ಕೇಳಬೇಕಲ್ಲ? “ಶರಣೀ, ನನ್ನ ಅಳಿಯಾ ಅಂದ್ರ ಬಂಗಾರಲೇ! ಅವಗ ಇನ್ನೊಂದು ರೊಟ್ಟಿ ಹಾಕು, ತುಪ್ಪ ಜಾಸ್ತಿ ಹಾಕು!” ಎಂದು ಜೋರಾಗಿ ಹೇಳಿದೆ.

ಗೋಡೆಯ ಆಚೆಯಿಂದ ಹನುಮಕ್ಕನ ದನಿ ಬಂತು. “ಏ ಈರಮ್ಮಾ! ಯಾವಾಗ ಬಂದಿಯವ್ವ?”

ಇಲ್ಲಿ ಬುದ್ಧಿವಂತನಾದವನು ಬಾಯಿ ಮುಚ್ಚುತ್ತಿದ್ದ. ನಾನು ಕಲಾವಿದ. “ನಿನ್ನೆ ಬಂದೆವ್ವಾ!” ಎಂದೆ.

“ತಡಿ, ಬಂದೆ, ಮಾತಾಡ್ಸಿ ಹೋಗ್ತೀನಿ.”

“ಬ್ಯಾಡವ್ವ! ಕೂಸಿಗೆ ದೃಷ್ಟಿ ಆಗೇತಿ. ಯಾರೂ ಒಳಗ ಬರೂದು ಬ್ಯಾಡ!”

ನನ್ನ ಚುರುಕುತನಕ್ಕೆ ನಾನೇ ಬೆರಗಾದೆ. ಮರುದಿನ ಬೆಳಿಗ್ಗೆ ಹನುಮಕ್ಕ ಬರಲಿಲ್ಲ. ಶರಣಮ್ಮ ಗೋಡೆಯ ಬಳಿ ಹೋಗಿ ಕರೆದರೆ, “ನಿಮ್ಮವ್ವನ ಬಂದಾಳಲ್ಲ, ಇನ್ನ ನಾ ಯಾಕಬೇ?” ಎಂದಳಂತೆ. ಮಜ್ಜಿಗೆ ಕೊಡುತ್ತಿದ್ದವರು, ನೀರು ತಂದುಹಾಕುತ್ತಿದ್ದವರು, ಸಂಜೆ ಕೂಸನ್ನು ಎತ್ತಿ ಆಡಿಸುತ್ತಿದ್ದವರು, ಇಡೀ ಓಣಿಯೇ ನಿಶ್ಚಿಂತೆಯಿಂದ ಹಿಂದೆ ಸರಿಯಿತು. ಈರಮ್ಮ ಬಂದ ಮೇಲೆ ನಮ್ಮದೇನು ಕೆಲಸ? ಹೀಗೆ ಒಂದೇ ಒಂದು ಬಾಯಿಂದ, ನಮಗಿದ್ದ ಅಷ್ಟೂ ಆಸರೆಯನ್ನು ನಾನು ವಿಧಿವತ್ತಾಗಿ ರದ್ದುಪಡಿಸಿದ್ದೆ!

“ನಾ ಹೋಗಿ ಖರೇ ಹೇಳಿಬಿಡ್ತೀನಿ,” ಎಂದಳು ಶರಣಮ್ಮ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

“ಹೇಳಬ್ಯಾಡ ಮಾರಾಯ್ತಿ! ಸುದ್ದಿ ಮಸ್ಕಿಗೆ ಹೋದ್ರ ನಿಮ್ಮವ್ವ ನಿನ್ನ ಕರಕೊಂಡು ಹೋಗ್ತಾಳ!”

“ಹೋದ್ರ ಅಲ್ಲಿ ನಿದ್ದಿನಾದ್ರೂ ಮಾಡ್ತೀನಿ! ನಮ್ಮವ್ವನ ದನಿ ಕೇಳಿದಾಗೊಮ್ಮೆ ಎದ್ದು ನೋಡ್ತೀನ್ರಿ. ನೋಡಿದ್ರ ನೀವು!”

ನಾನು ಕೌದಿಯನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಮತ್ತೆ ತೊಟ್ಟಿಲು ತೂಗಿದೆ.

ಅಷ್ಟರಲ್ಲಿ ಸಂತೆ ಬಂತು. ತುರ್ವಿಹಾಳದಲ್ಲಿರುವ ಅತ್ತೆಯ ತಂಗಿ ಸಂತೆಗೆ ಬಂದಿದ್ದಳು. ಹನುಮಕ್ಕ ಅವಳಿಗೆ, “ನಿಮ್ಮ ಅಕ್ಕ ಬಂದು ವಾರಾತು, ನಿಮ್ಮನಿಗೆ ಬರಲಿಲ್ಲೇನು?” ಎಂದು ಕೇಳಿದಳು. ತಂಗಿಗೆ ಸಿಟ್ಟು ನೆತ್ತಿಗೇರಿತು. ಮಸ್ಕಿಯ ಬಸ್ಸು ಹತ್ತುತ್ತಿದ್ದವರ ಕೈಯಲ್ಲಿ ಅಕ್ಕನ ಮನೆಯವರಿಗೆ ಹೇಳಿಕಳಿಸಿದಳು: “ಸಿಂಧನೂರಿಗೆ ಬಂದು ಕುಂತಾಕಿ ತಂಗಿ ಮನಿ ಮರತಾಳ. ಇನ್ನ ಮ್ಯಾಲೆ ಆಕಿ ಮಾರಿ ನಾ ನೋಡೂದಿಲ್ಲ!”

ತಾನು ಸಿಂಧನೂರಿನಲ್ಲಿರುವ ಸುದ್ದಿ ಅತ್ತೆಗೆ ಮಸ್ಕಿಯಲ್ಲಿ ಮುಟ್ಟಿತು. ಆಗ ಅವಳು ಖಾರ ಕುಟ್ಟುತ್ತಿದ್ದಳಂತೆ. ಒನಕೆಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ಒನಕೆ ತರಲಿಲ್ಲವೆಂಬುದೇ ನನ್ನ ಪುಣ್ಯ!

ನಾನು ಕೌದಿ ಹೊದ್ದು, ಬಾಗಿಲಿಗೆ ಬೆನ್ನುಹಾಕಿ, ತೊಟ್ಟಿಲು ತೂಗುತ್ತ ಹೇಳುತ್ತಿದ್ದೆ: “ಇಂಥಾ ಅಳಿಯಾ ಸಿಗಬೇಕಂದ್ರ ನಾ ಏನ್ ಪುಣ್ಯಾ ಮಾಡೀನೋ!”

“ಪುಣ್ಯಾ ಅಲ್ಲೋ, ಪಾಪ!” ಎಂದಿತು ಅದೇ ದನಿ. ಈ ಸಲ ನಾನು ಬಾಯಿ ತೆರೆದಿರಲಿಲ್ಲ.

ತಿರುಗಿ ನೋಡಿದೆ. ಬಾಗಿಲಲ್ಲಿ ಅತ್ತೆ, ಅವಳ ಹಿಂದೆ ಹನುಮಕ್ಕ. “ಅಯ್ಯ ನನ ಶಿವನ! ಈರಮ್ಮ ಒಳಗೂ ಅದಾಳ, ಹೊರಗೂ ಅದಾಳ! ಒಳಗಿನಾಕಿಗೆ ಮೀಸಿ ಬಂದಾವ!” ಎಂದು ಹನುಮಕ್ಕ ಬಾಯಮೇಲೆ ಕೈಯಿಟ್ಟಳು.

ಅತ್ತೆ ನನ್ನನ್ನು ಬಯ್ಯಲಿಲ್ಲ. ಮಗಳ ಗದ್ದ ಎತ್ತಿ ನೋಡಿದಳು. “ಎಷ್ಟು ಸೊರಗೀಯವ್ವ! ಗಂಟು ಕಟ್ಟು. ನಡಿ ಮಸ್ಕಿಗೆ.”

ಖಾಲಿ ಮನೆ, ಖಾಲಿ ತೊಟ್ಟಿಲ ಕೊಂಡಿ ಕಣ್ಣಮುಂದೆ ಬಂದವು. ಶರಣಮ್ಮ ಗಂಟು ಕಟ್ಟಲಿಲ್ಲ. ನನ್ನ ಕಡೆ ತಿರುಗಿ, “ನಾ ಹೋಗೂದು ಬ್ಯಾಡಾದ್ರ ಅವ್ವಗ ಇರು ಅನ್ರಿ. ನಿಮ್ಮ ದನಿಯಾಗ ಅನ್ರಿ!” ಎಂದಳು.

ನನ್ನ ದನಿ! ಹುಡುಕಿದೆ. ಮೊದಲು ಸಾಹೇಬರು ಬಂದರು, ತಳ್ಳಿದೆ. ಗುತ್ತೇದಾರ ಬಂದ, ನುಂಗಿದೆ. ಸಾಹುಕಾರನ ಕೆಮ್ಮು ಮಾತ್ರ ತಪ್ಪಿಸಿಕೊಂಡು ಹೊರಬಿತ್ತು. ಅದೆಲ್ಲ ಮುಗಿದ ಮೇಲೆ, ಬಾಗಿಲ ಸಂದಿಗೆ ಸಿಕ್ಕ ಇಲಿಯಂಥ ಒಂದು ಸಣ್ಣ ದನಿ ಬಂತು: “ಅತ್ತೀ... ಇರ್ರೀ... ನನ್ನ ಕೈಲೆ ಆಗಂಗಿಲ್ರೀ...”

ಅತ್ತೆ ಕುತ್ತಿಗೆ ಸೊಟ್ಟ ಮಾಡಿ, ನನ್ನಂತೆಯೇ ಇಲ್ಲದ ಮೀಸೆ ತೀಡುತ್ತ, “ಅತ್ತೀ... ಇರ್ರೀ...” ಎಂದಳು. ಹೂಬೇಹೂಬು ನಾನೇ! ಹನುಮಕ್ಕ ಬಿದ್ದು ಬಿದ್ದು ನಕ್ಕಳು. ಎಷ್ಟೋ ದಿನಗಳ ನಂತರ ಶರಣಮ್ಮ ನಕ್ಕಳು. ತೊಟ್ಟಿಲೊಳಗಿಂದ ಕೂಸೂ ಕೇಕೆ ಹಾಕಿತು. ನನ್ನ ಮಗ ಹಾಗೆ ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು. ಯಾರನ್ನು ನೋಡಿ ನಕ್ಕ ಎಂಬುದನ್ನು ವಿವರಿಸುವ ಅಗತ್ಯವಿಲ್ಲ.

ಅತ್ತೆ ಉಳಿದಳು. ಹನುಮಕ್ಕ ಮರಳಿ ಬಂದಳು, ಮಜ್ಜಿಗೆಯೂ ಬಂತು. ಶರಣಮ್ಮ ಮೈಕೈ ತುಂಬಿಕೊಂಡಳು. ತುರ್ವಿಹಾಳಕ್ಕೆ ಹೋಗಿ ಚಿಕ್ಕತ್ತೆಯ ಕಾಲಿಗೆ ಬೀಳುವ ಕೆಲಸವನ್ನು ನನ್ನ ಪಾಲಿಗೆ ಬಿಟ್ಟರು. ಓಣಿಯ ಹೆಂಗಸರು ನನ್ನನ್ನು ಕಂಡಾಗೆಲ್ಲ “ಅತ್ತೀ... ಇರ್ರೀ...” ಎನ್ನತೊಡಗಿದರು. ನಮ್ಮ ಸಾಹುಕಾರನೂ ಕಲಿತ. ಕೆಮ್ಮಿನ ಸೇಡು ತೀರಿಸಿಕೊಂಡ!

ಕೂಸಿಗೆ ವರ್ಷ ತುಂಬುವ ಹೊತ್ತಿಗೆ ಬಾಯಲ್ಲಿ ಮಾತು ಬಂತು. ಹಬ್ಬದೂಟಕ್ಕೆ ಬಂದ ಬೀಗರೆಲ್ಲರ ಎದುರು ನಾನು ಹೊಸ ಅಂಗಿ ತೊಟ್ಟು, ತಲೆ ಬಾಚಿ, ಮೀಸೆ ತೀಡಿ, ಎರಡೂ ಕೈ ಚಾಚಿ ನಿಂತೆ. “ನಾ ಯಾರು ಹೇಳಪ್ಪಾ?” ಎಂದೆ, ನನ್ನ ಸ್ವಂತ ದನಿಯಲ್ಲಿ.

ಮಗ ನನ್ನನ್ನು ಪ್ರೀತಿಯಿಂದ ನೋಡಿ, ಸ್ಪಷ್ಟವಾಗಿ ಹೇಳಿದ:

“ಅಜ್ಜಿ!”