ಎರಡು ಫೋನು, ಎರಡು ರೇಟು

ಜುಲೈ ಎಂಟು, ಮಂಗಳವಾರ. ಮೋಡವಿತ್ತು, ಮಳೆ ಇರಲಿಲ್ಲ.

ವೆಬ್‌ಸೈಟ್ ಮಾಡಿಕೊಡುವವನ ಮೇಲೆ ಸಂಶಯ ಬರಲು ದೊಡ್ಡ ಕಾರಣ ಬೇಕಿಲ್ಲ. ಹೊಸಮನೆ ಬಡಾವಣೆಯ ಒಂದು ಕೋಣೆಯಲ್ಲಿ ಕೂತು ಇದೇ ಕೆಲಸ ಮಾಡುವ ನನಗೆ ವರ್ಷಕ್ಕೆ ನಾಲ್ಕು ಸಲವಾದರೂ ಇದು ತಪ್ಪಿದ್ದಲ್ಲ. ಈ ಸಲ ಮಾಚೇನಹಳ್ಳಿಯಲ್ಲಿ ಕಬ್ಬಿಣದ ಗೇಟು ಮಾಡುವ ಶೆಡ್ಡಿನ ಸರದಿ. ಯಜಮಾನರು ಶಿವಮೊಗ್ಗದವರು. ಪಾಲುದಾರ ಅವರ ಭಾವಮೈದ, ಭದ್ರಾವತಿಯವನು. ಇಬ್ಬರಿಗೂ ಅಷ್ಟಕ್ಕಷ್ಟೆ.

೧. ಕೈಚಳಕ

ಹಿಂದಿನ ದಿನ ಗೇಟಿನ ರೇಟು ಏರಿಸಿ ಸೈಟಿಗೆ ಹಾಕಿದ್ದೆ. ಯಜಮಾನರ ಫೋನಿನಲ್ಲಿ ಹಳೆಯ ರೇಟೇ ಕಾಣುತ್ತಿತ್ತು, ಭಾವಮೈದನ ಫೋನಿನಲ್ಲಿ ಹೊಸದು. ಯಜಮಾನರು ನನ್ನನ್ನು ಶೆಡ್ಡಿಗೆ ಕರೆಸಿದರು.

"ಏನ್ ಮಾರಾಯ್ರೆ, ಅವನಿಗೊಂದು ಸೈಟು, ನನಗೊಂದು ಸೈಟು ಮಾಡಿದೀರಾ? ಇದು ಇತ್ಯರ್ಥ ಆಗೋವರೆಗೂ ನಿಮ್ಮ ವರ್ಷದ ಬಿಲ್ ಕೊಡಲ್ಲ."

ಅವರ ಫೋನು ತೆಗೆದುಕೊಂಡು ಪುಟವನ್ನು ಬೆರಳಿನಿಂದ ಕೆಳಕ್ಕೆಳೆದೆ. ಹೊಸ ರೇಟು ಬಂತು.

"ಸಿಕ್ಕಿಬಿದ್ರಿ ನೋಡಿ! ನಿಮ್ಮ ಕೈ ತಾಗಿದ ಕೂಡ್ಲೆ ಬದಲಾಯ್ತು."

೨. ಪೆರೇಡು

ಯಜಮಾನರು ಕೆಲಸ ನಿಲ್ಲಿಸಿ ಹನ್ನೆರಡು ಆಳುಗಳನ್ನೂ ಫೋನು ಸಮೇತ ಸಾಲಾಗಿ ನಿಲ್ಲಿಸಿದರು. ಐವರ ಫೋನಿನಲ್ಲಿ ಹಳೆಯ ರೇಟು, ಏಳು ಜನರದ್ದರಲ್ಲಿ ಹೊಸದು.

"ಈ ಐದು ಜನ ನಮ್ಮೋರು. ಆ ಏಳು ಜನ ನನ್ನ ಭಾವಮೈದನ ಕಡೆ."

ಏಳರಲ್ಲೊಬ್ಬ ಹಿರಿಯ ವೆಲ್ಡರು. "ಸಾರ್, ಅವ್ರ ಮನೆ ಯಾವ ಬೀದಿ ಅಂತಾನೂ ನಂಗೊತ್ತಿಲ್ಲ" ಎಂದ.

"ಗೊತ್ತಿಲ್ಲ ಅಂತ ಹೇಳು ಅಂತಾನೂ ಅವನೇ ಹೇಳಿಕೊಟ್ಟಿರ್ತಾನೆ."

ವೆಲ್ಡರನ ಕೆಲಸಕ್ಕೇ ಕುತ್ತು ಬರುವಂತಿತ್ತು. ಬಾಯಿ ಬಿಡಲೇಬೇಕಾಯಿತು. ಸೈಟು ಇರುವ ಕಂಪ್ಯೂಟರು, ಅಂದರೆ ಸರ್ವರ್, ಪ್ರತಿ ಪುಟದ ಜೊತೆ ಫೋನಿಗೆ ಹೆಡರ್ ಎಂಬ ಒಂದು ಚೀಟಿ ಕಳಿಸುತ್ತದೆ. ಸೈಟು ಬೇಗ ತೆರೆಯಲಿ ಎಂದು ಅದರಲ್ಲಿ ನಾನೇ ಬರೆದಿದ್ದೆ: ಈ ಪುಟವನ್ನು ಒಂದು ವರ್ಷ ನಿನ್ನಲ್ಲೇ ಇಟ್ಟುಕೋ, ಅಲ್ಲಿಯವರೆಗೆ ಮತ್ತೆ ಕೇಳಬೇಡ. ಹಾಗಾಗಿ ಮೊದಲೇ ಸೈಟು ನೋಡಿದ್ದವರಿಗೆ ಹಳೆಯ ರೇಟು. ಈಗಷ್ಟೇ ಮೊದಲ ಸಲ ತೆರೆದವರಿಗೆ ಹೊಸದು. ಪುಟವನ್ನು ಕೆಳಕ್ಕೆಳೆದರೆ ಮಾತ್ರ ಫೋನು ಮತ್ತೆ ಕೇಳುತ್ತದೆ.

ಯಜಮಾನರು ಆ ಏಳು ಜನರ ಕಡೆ ತಿರುಗಿದರು.

"ಯುಗಾದಿ ದಿನ ಸೈಟ್ ಶುರು ಮಾಡಿದಾಗ ಎಲ್ರೂ ನೋಡಿದ್ವಿ, ಭಾರಿ ಚೆನ್ನಾಗಿದೆ ಅಂದ್ರಲ್ರೋ?"

ಏಳೂ ಜನ ತಂತಮ್ಮ ಕೆಲಸಕ್ಕೆ ಹೊರಟರು. ಯಜಮಾನರು ಭದ್ರಾವತಿಗೆ ಫೋನು ಹಚ್ಚಿದರು.

"ಹಂಗಾದ್ರೆ ನೀನೂ ಇವತ್ತಿನವರೆಗೂ ಸೈಟ್ ನೋಡೇ ಇಲ್ವೇನೋ?"

ಲೈನು ಕಟ್ಟಾಯಿತು.

೩. ಬಿಲ್ಲು

ಗೇಟಿನ ಸೈಟಿನ ಚೀಟಿಯನ್ನು ಅಲ್ಲೇ ಕೂತು ತಿದ್ದಿದೆ. ಯಜಮಾನರು ನಗುತ್ತಾ ಚಹಾ ತರಿಸಿದರು. ಬಿಲ್ಲು ಕೊಟ್ಟೆ. ಹತ್ತು ಸಾವಿರ.

ಅವರು ಫೋನು ತೆಗೆದು ನನ್ನ ಸೈಟು ತೆರೆದರು. "ಇಲ್ಲಿ ಏಳು ಸಾವಿರ ಅಂತಿದೆಯಲ್ಲ?"

ಹೋದ ತಿಂಗಳಷ್ಟೇ ನನ್ನ ರೇಟು ಏರಿಸಿದ್ದೆ. ಅವರು ನನ್ನ ಸೈಟು ನೋಡಿದ್ದು ಯುಗಾದಿಗೂ ಮೊದಲು. ಅಲ್ಲೂ ನಾನು ಬರೆದಿದ್ದು ಅದೇ ವರ್ಷದ ಚೀಟಿ.

"ಒಂದ್ಸಲ ಕೆಳಕ್ಕೆ ಎಳೀರಿ" ಎಂದೆ.

ಅವರು ಫೋನನ್ನು ಜೇಬಿಗಿಳಿಸಿದರು. "ನಾನ್ಯಾಕೆ ಎಳೀಲಿ ಮಾರಾಯ್ರೆ? ಒಂದು ವರ್ಷ ಮತ್ತೆ ಕೇಳಬೇಡ ಅಂತ ಬರೆದಿರೋರು ನೀವೇ ಅಲ್ವಾ?"

ಸಂಜೆ ಹೆಂಡತಿ ಕೇಳಿದಳು: "ಅವರ ಸಂಶಯ ತೀರ್ತಾ?"

"ಪೂರ್ತಿ ತೀರ್ತು."

"ಎಷ್ಟು ಕೊಟ್ರು?"

"ಏಳು ಸಾವಿರ."