ಅತ್ತೆಯ ಜೊತೆ ವಾಕಿಂಗ್

ಮಧುವನಹಳ್ಳಿಯ ನಮ್ಮ ಸೋದರತ್ತೆಯಷ್ಟು ಸಂತೋಷವಾಗಿ ತೂಕ ಇಳಿಸುವವರನ್ನು ನೀವು ನೋಡಿರಲಾರಿರಿ. ಇಳಿದದ್ದೆಷ್ಟು ಎಂದು ಮಾತ್ರ ಕೇಳಬೇಡಿ.

ನಮ್ಮಿಬ್ಬರಿಗೂ ಡಾಕ್ಟರು ಸಕ್ಕರೆ ಕಾಯಿಲೆಯ ಭಯ ಹುಟ್ಟಿಸಿ, ದಿನಾ ನಡೆಯಿರಿ ಎಂದಿದ್ದರು. ಕೊಳ್ಳೇಗಾಲದ ನಮ್ಮ ಮನೆಯ ತಾರಸಿಯ ಮೇಲೆ, ಅಕ್ಕಪಕ್ಕದವರು ಏಳುವ ಮೊದಲೇ ನಾನು ಕಳ್ಳಿಯ ಹಾಗೆ ಸುತ್ತುತ್ತಿದ್ದೆ. ಇಷ್ಟು ದಪ್ಪಗಿರುವವಳು ಏದುಸಿರು ಬಿಡುವುದನ್ನು ಯಾರಾದರೂ ನೋಡಿಬಿಟ್ಟರೆ? ಒಂದು ದಿನ ಪಕ್ಕದ ಮನೆಯಾಕೆ ಬಟ್ಟೆ ಒಣಹಾಕಲು ಮೇಲೆ ಬಂದರು. ಅಲ್ಲಿಗೆ ನನ್ನ ವಾಕಿಂಗ್ ಮುಗಿಯಿತು.

ಸುದ್ದಿ ತಿಳಿದ ಅತ್ತೆ, ಸೀರೆಯ ಕೆಳಗೆ ಮಗನ ಹಳೇ ಶೂ ಹಾಕಿಕೊಂಡು ಬಂದಿಳಿದರು. ನನ್ನನ್ನು ಎಳೆದುಕೊಂಡು ಹೊರಟದ್ದಾದರೂ ಎಲ್ಲಿಗೆ? ಬಸ್‌ಸ್ಟ್ಯಾಂಡಿನ ಮುಂದಕ್ಕೆ, ಅದೂ ಜನ ಗಿಜಿಗುಡುವ ಹೊತ್ತಿನಲ್ಲಿ.

"ಎಲ್ಲಾ ನೋಡ್ತಾವ್ರೆ ಅತ್ತೆ" ಎಂದೆ.

"ನೋಡ್ಲಿ ಬುಡವ್ವ. ಬಸ್ಸು ಬರಗಂಟ ಅವ್ರ್ಗೂ ಒತ್ತು ಓಗ್ಬೇಕಲ್ವಾ?"

ಹನೂರಿನ ಬಸ್ಸಿಗೆ ಕಾಯುತ್ತಿದ್ದ ಅತ್ತೆಯ ಊರಿನವರೊಬ್ಬರು, "ಇಷ್ಟು ನಡುದ್ರೂ ಅಂಗೇ ಇದ್ದೀಯಲ್ಲಕ್ಕ" ಎಂದು ನಕ್ಕರು.

"ಚೆಂದಾಗೇ ಇವ್ನಿ ಕಣಪ್ಪ. ಕೂತು ಕೂತು ನಿಂಗೂ ಬೇಜಾರಾಗಿರ್ತದೆ, ಬಾ" ಎಂದು ಅತ್ತೆ ಕೈಹಿಡಿದು ಎಬ್ಬಿಸಿದರು. ಪಾಪ, ಅವರೂ ನಮ್ಮ ಜೊತೆ ಮುಂದಿನ ತಿರುವಿನವರೆಗೂ ನಡೆದರು. ಅಷ್ಟರಲ್ಲಿ ಅವರ ಬಸ್ಸು ಹೊರಟುಹೋಗಿತ್ತು.

ಅಲ್ಲಿಂದ ಟೈಲರ್ ಅಂಗಡಿಗೆ ನುಗ್ಗಿದೆವು. ಇಬ್ಬರಿಗೂ ರವಿಕೆ ಹೊಲಿಸಬೇಕಿತ್ತು. ಟೈಲರ್ ಹೆಂಗಸು ಅತ್ತೆಯ ತೋಳನ್ನು ಅಳೆದು, ಮರ್ಯಾದೆಗೆಂದು ಅಳತೆಯನ್ನು ಪಿಸುಗುಟ್ಟಿದಳು.

"ಗಟ್ಯಾಗೇ ಏಳವ್ವ, ಕದ್ದ ಮಾಲಲ್ಲ" ಎಂದರು ಅತ್ತೆ.

ನನ್ನ ಸರದಿ ಬಂದಾಗ ಉಸಿರು ಬಿಗಿಹಿಡಿದು ನಿಂತೆ. "ವಸಿ ಕಮ್ಮೀನೇ ಬರ್ಕೊಳಿ, ಇಳೀತೀನಿ" ಎಂದು ಟೈಲರಿಗೆ ಹೇಳಿ, ಅತ್ತೆಯ ಕಡೆ ತಿರುಗಿದೆ. "ಈ ಮೈ ನೋಡುದ್ರೆ ನಂಗೇ ಅಸಯ್ಯ ಆಯ್ತದೆ ಅತ್ತೆ."

ಅತ್ತೆ ನಗಲಿಲ್ಲ.

"ನಿಮ್ಮಾವ ಆಸ್ಗೆ ಇಡುದ್ರಲ್ಲ, ಆಗ ದಿನಾ ಎತ್ತಿ ಕೂರ್ಸುದ್ದು ಇದೇ ತೋಳು. ಇಷ್ಟು ಗೇದಿರ ಮೈಯ ಬೈಕಂಡು ನಡುಸ್ಲಾ? ಮಂಡಿಗೆ ವಸಿ ಅಗುರಾಗ್ಲಿ ಅಂತ ನಡೀತಿವ್ನಿ, ಅಷ್ಟೇಯ. ನಿಂದೂ ಎರಡು ಮಕ್ಳ ಎತ್ತು ಸಾಕಿರ ಮೈಯೇ ಕಣವ್ವ."

ನಾನು ಉಸಿರು ಬಿಟ್ಟೆ. ಟೈಲರ್ ಟೇಪು ಸಡಿಲಿಸಿ ಮತ್ತೊಮ್ಮೆ ಅಳೆದಳು.

ಹೊರಗೆ ಬಿಸಿಲೇರಿತ್ತು. ಮೆಟ್ಟಿಲಿಳಿಯುವಾಗ ಅತ್ತೆಯ ಮಂಡಿ ಹಿಡಿದುಕೊಂಡಿತು. ನನ್ನ ಭುಜದ ಮೇಲೆ ತಮ್ಮ ಪೂರ್ತಿ ಭಾರ ಹಾಕಿದರು. ನಾನು ಅಲುಗಾಡದೆ ನಿಂತು, ಅವರನ್ನು ಇಳಿಸಿಕೊಂಡೆ.